ಚಾಳೀಸು ಬಂದವನ ನೈಟ್ ಸೈಟ್

ಗ್ಲಾಕ್ 19 ಪಿಸ್ತೂಲಿನ ಮೇಲೆ ಕಾರ್ಖಾನೆಯಿಂದ ಬರುವ ಸಾಮಾನ್ಯ ಸೈಟುಗಳು, ಅಂದರೆ ಗುರಿ ಹಿಡಿಯಲು ನೋಡುವ ಮುಂದಿನ ಹಿಂದಿನ ಗುರುತುಗಳು, ಪ್ಲಾಸ್ಟಿಕ್‌ನವು. ಮುಂದಿನದಕ್ಕೆ ಒಂದು ಬಿಳಿ ಚುಕ್ಕೆ, ಹಿಂದಿನದಕ್ಕೆ ಆ ಚುಕ್ಕೆಯನ್ನು ಕೂರಿಸಿಕೊಳ್ಳಲು ಬಿಳಿ ಗೆರೆಯ ಬಟ್ಟಲು. ಹಗಲು ಹೊತ್ತಿನಲ್ಲಿ, ಕಣ್ಣು ನೆಟ್ಟಗಿರುವವರಿಗೆ, ಅದರಲ್ಲಿ ಕೊರತೆಯೇನಿಲ್ಲ. ಟೆಕ್ಸಸ್ ರಾಜ್ಯದ ಪರವಾನಗಿ ಪರೀಕ್ಷೆಯನ್ನು ನಾನು ಪಾಸು ಮಾಡಿದ್ದೂ ಅದರಲ್ಲೇ. 3, 7 ಮತ್ತು 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆಯಬೇಕು, 250ಕ್ಕೆ 175 ಅಂಕ ಬಂದರೆ ಪಾಸು. ಆಗ ನನಗಿನ್ನೂ ಚಾಳೀಸು ಬಂದಿರಲಿಲ್ಲ.

ನಲವತ್ತೈದು ದಾಟಿದ ಮೇಲೆ ಓದುವಾಗ ಪತ್ರಿಕೆ ಹಿಡಿದ ಕೈ ತಾನಾಗಿ ದೂರ ಸರಿಯತೊಡಗಿತು. ಕಣ್ಣಿನ ಡಾಕ್ಟರು ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಸಾಕಾಗುವ ಪ್ರೋಗ್ರೆಸಿವ್ ಕನ್ನಡಕ ಬರೆದುಕೊಟ್ಟರು. ಅಲ್ಲಿಂದ ಪಿಸ್ತೂಲಿನ ಮುಂದಿನ ಸೈಟು ಅಂದರೆ ಅಂಚೇ ಇಲ್ಲದ ಒಂದು ಮಸುಕು. ಡಲ್ಲಾಸ್‌ನ ಉತ್ತರ ಭಾಗದಲ್ಲಿ ನಾನೂ ನನ್ನ ಷಡ್ಡಕನೂ ಸೇರಿ ದಿನಸಿ ಅಂಗಡಿ ನಡೆಸುತ್ತೇವೆ. ಮುಚ್ಚುವುದು ರಾತ್ರಿ ಹತ್ತಕ್ಕೆ. ಗಲ್ಲಾ ಪೆಟ್ಟಿಗೆಯ ದುಡ್ಡು ಹಿಡಿದು ಕಾರಿನವರೆಗೆ ನಡೆಯುವುದು ನನ್ನ ಪಾಲಿನ ಕೆಲಸ. ಸೊಂಟದಲ್ಲಿ ಪಿಸ್ತೂಲು ಇರುವುದು ಅದಕ್ಕೆ. ಹಾಗಾಗಿ ಸೈಟು ಬದಲಿಸಬೇಕು ಅನ್ನಿಸಿದಾಗ ಮೊದಲು ತಲೆಗೆ ಬಂದದ್ದು ನೈಟ್ ಸೈಟ್. ಕೆಲಸ ಇರುವುದು ರಾತ್ರಿ, ಸೈಟು ಹೊಳೆಯುವುದೂ ರಾತ್ರಿ, ಇನ್ನೇನು ಬೇಕು? ಆರಿಸಲು ಕೂತ ಮೇಲೆ ವಿಷಯ ಅಷ್ಟು ನೇರವಾಗಿ ಉಳಿಯಲಿಲ್ಲ.

ಹೊರಗಿನಿಂದ ಹೋದವನಿಗೆ ಅಲ್ಲಿ ಬಂದೂಕು ಇಟ್ಟುಕೊಳ್ಳಲು ಬಿಡುತ್ತಾರಾ ಅಂತ ಊರಿನಿಂದ ಫೋನು ಮಾಡುವವರೆಲ್ಲ ಕೇಳುತ್ತಾರೆ. ಅದಕ್ಕೆ ಇಲ್ಲೇ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಚ್-1ಬಿ ವೀಸಾದಲ್ಲಿ ಇದ್ದಾಗ ನಾನು ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನಿನ ನಿಷೇಧವಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ, ನಾನು ಆ ದಾರಿಗೆ ಹೋಗಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಂಡೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿ ಇಲ್ಲದೆಯೇ ಕೈಬಂದೂಕು ಒಯ್ಯಬಹುದು. ಆದರೂ ನಾನು ಪರವಾನಗಿ ಬಿಟ್ಟಿಲ್ಲ. ಇನ್ನು ಸೈಟು ಬಂದೂಕಲ್ಲ, ಅದಕ್ಕೆ ಯಾವ ಅರ್ಜಿಯೂ ಬೇಡ. ಚಪ್ಪಲಿ ತರಿಸಿದ ಹಾಗೆ ಅಂಚೆಯಲ್ಲಿ ತರಿಸಿಕೊಳ್ಳಬಹುದು.

ನೈಟ್ ಸೈಟಿನ ಜೀವ ಇರುವುದು ಟ್ರಿಟಿಯಂನಲ್ಲಿ. ಅದು ಹೈಡ್ರೋಜನ್ನಿನದೇ ಭಾರದ, ವಿಕಿರಣ ಸೂಸುವ ರೂಪ. ಪುಟಾಣಿ ಗಾಜಿನ ಕೊಳವೆಯ ಒಳಗೋಡೆಗೆ ಫಾಸ್ಫರ್ ಬಳಿದು, ಟ್ರಿಟಿಯಂ ಅನಿಲ ತುಂಬಿ, ಬಾಯಿ ಬೆಸೆಯುತ್ತಾರೆ. ಅನಿಲದಿಂದ ಹೊರಡುವ ಎಲೆಕ್ಟ್ರಾನುಗಳು ಫಾಸ್ಫರ್‌ಗೆ ಬಡಿಯುತ್ತವೆ, ಫಾಸ್ಫರ್ ಹೊಳೆಯುತ್ತದೆ. ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ, ಬೆಳಕಿಗೆ ಒಡ್ಡಿ ಇಡುವ ಗೋಜೂ ಇಲ್ಲ.

ನನ್ನ ಹೆಂಡತಿಯ ತವರು ಅಂಕೋಲಾ. ಟ್ರಿಟಿಯಂ ಎಂಬ ಹೆಸರು ಕಿವಿಗೆ ಬಿದ್ದದ್ದೇ ಅಡುಗೆಮನೆಯಿಂದ ಹೊರಗೆ ಬಂದಳು.

"ರೀ, ಕೈಗಾದಲ್ಲಿ ಕುಡಿಯೋ ನೀರಿಗೆ ಸೇರಿತ್ತಲ್ಲ, ಅದೇ ಅಲ್ವಾ ಇದು? ಅದನ್ನ ಸೊಂಟಕ್ಕೆ ಕಟ್ಕೊಂಡು ಓಡಾಡ್ತೀರಾ?"

ಅದೇ ಇದು. 2009ರ ನವೆಂಬರ್‌ನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ವಾಟರ್ ಕೂಲರ್‌ಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೈಯಲ್ಲಿ ಅದು ಪತ್ತೆಯಾಗಿತ್ತು. ಯಾರೋ ಬೇಕೆಂದೇ ಬೆರೆಸಿದ್ದು ಅಂತ ಆಗ ಹೇಳಿದರು. ಕಾರವಾರ, ಅಂಕೋಲಾ ಕಡೆಯವರಿಗೆ ಆ ಸುದ್ದಿ ಮರೆಯುವಂಥದ್ದಲ್ಲ. ಭಾರಜಲ ಬಳಸುವ ರಿಯಾಕ್ಟರಿನಲ್ಲಿ ಟ್ರಿಟಿಯಂ ತಾನಾಗಿ ಹುಟ್ಟುತ್ತದೆ. ಅದರ ಅಪಾಯ ಮೈಯೊಳಗೆ ಹೋದಾಗ. ಹೊರಗಿದ್ದರೆ ಅದರ ಬೀಟಾ ಕಣಕ್ಕೆ ಚರ್ಮದ ಮೇಲಿನ ಸತ್ತ ಪದರ ದಾಟುವ ತ್ರಾಣ ಸಹ ಇಲ್ಲ, ಗಾಜನ್ನೂ ಉಕ್ಕನ್ನೂ ದಾಟುವುದು ದೂರದ ಮಾತು. ಕೊಳವೆ ಒಡೆದರೂ ಒಳಗಿರುವ ತೀರಾ ಸ್ವಲ್ಪ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ. ಕಿಟಕಿ ತೆರೆದು, ಹೊರಗೆ ಬಂದು, ಕೈ ತೊಳೆದುಕೊಂಡರಾಯಿತು. ಅಮೆರಿಕದಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ಬಿಡುವ ಕಂಪನಿಗೆ ಅಣು ನಿಯಂತ್ರಣ ಆಯೋಗದ ಲೈಸೆನ್ಸ್ ಬೇಕು, ಕೊಂಡು ಬಳಸುವವನಿಗೆ ಬೇಡ. ಇಷ್ಟು ಹೇಳಿದ ಮೇಲೆ ಒಪ್ಪಿದಳು. ಹಳತಾದ ಮೇಲೆ ಮನೆಯ ಕಸಕ್ಕೆ ಹಾಕಕೂಡದು ಅಂತ ಒಂದು ಷರತ್ತು. ತಯಾರಕರು ಹೇಳುವುದೂ ಅದನ್ನೇ, ನಮಗೇ ವಾಪಸ್ ಕಳಿಸಿ ಅಂತ.

ಹಳತಾಗುವುದು ಅಂದೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಐದು ವರ್ಷಕ್ಕೆ ಮುಕ್ಕಾಲು ಪಾಲು ಉಳಿದಿರುತ್ತದೆ, ಹನ್ನೆರಡು ದಾಟಿದರೆ ಅರ್ಧ. ಫಾಸ್ಫರ್ ಕೂಡ ಜೊತೆಜೊತೆಗೆ ಸೊರಗುವುದರಿಂದ ಬೆಳಕು ಈ ಲೆಕ್ಕಕ್ಕಿಂತ ತುಸು ಬೇಗ ಕುಂದುತ್ತದೆ. ಈ ಗಡಿಯಾರ ಶುರುವಾಗುವುದು ನಾವು ಕೊಂಡ ದಿನದಿಂದಲ್ಲ, ಕೊಳವೆ ತುಂಬಿದ ದಿನದಿಂದ. ರಿಯಾಯಿತಿ ದರದಲ್ಲಿ ಸಿಗುವ ಹಳೇ ಸ್ಟಾಕು ನಿಜಕ್ಕೂ ಅಗ್ಗವೋ ಅಲ್ಲವೋ ಅನ್ನುವುದು ಡಬ್ಬದ ಮೇಲಿನ ತಾರೀಕು ನೋಡಿದ ಮೇಲೆಯೇ ಗೊತ್ತಾಗುವುದು.

ಇನ್ನು ಕತ್ತಲೆಯ ವಿಷಯ. ಒಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಿಂದಿನ ಪಾರ್ಕಿಂಗ್‌ನಲ್ಲಿ ನಿಂತು ಸುಮ್ಮನೆ ಸುತ್ತ ನೋಡಿದೆ. ಪಿಸ್ತೂಲು ಮುಟ್ಟುವ ಪ್ರಶ್ನೆಯೇ ಇಲ್ಲ, ಬರೀ ಕಣ್ಣಿನ ಕೆಲಸ. ಎಲ್‌ಇಡಿ ಕಂಬಗಳ ಬೆಳಕಿನಲ್ಲಿ ಆಚೆ ಸಾಲಿನ ಕಾರಿನ ನಂಬರ್ ಪ್ಲೇಟ್ ಓದಬಹುದಾಗಿತ್ತು. ಕತ್ತಲು ಇದ್ದದ್ದು ಗೋಡೆಯ ಮೂಲೆಯಲ್ಲಿ, ಕಸದ ದೊಡ್ಡ ಪೆಟ್ಟಿಗೆಯ ಹಿಂದೆ, ನಾನು ಬಾಗಿಲಿಗೆ ಬೀಗ ಹಾಕಲು ನಿಲ್ಲುವ ಸೂರಿನ ಕೆಳಗೆ. ಅಂದರೆ ಕತ್ತಲಲ್ಲಿ ನಿಲ್ಲುವವನು ನಾನು, ಬೆಳಕಿನಲ್ಲಿ ಇರುವುದು ಎದುರಿನ ಜಾಗ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ನನಗೊಬ್ಬ ಗೆಳೆಯ ಇದ್ದಾನೆ, ಸೋಮವಾರಪೇಟೆಯ ಕಡೆಯ ಕೊಡವ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡುತ್ತ ಬೆಳೆದವನು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದಾಗ, ಇಲ್ಲಿ ಕೂತು ನಮಗೆಲ್ಲ ಕಾಫಿ ಕೊಡಿಸಿದ ಆಸಾಮಿ. ಅವನ ಪಿಸ್ತೂಲಿನಲ್ಲಿ ಮೂರು ಚುಕ್ಕೆಯ ಟ್ರಿಟಿಯಂ ಸೈಟು ಮೊದಲೇ ಇತ್ತು. ಅದನ್ನು ನಮ್ಮ ಗ್ಯಾರೇಜಿಗೆ ತಂದ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡು ಹಿಂದಕ್ಕೆ ಎಳೆದು, ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಗುಂಡಿನ ಡಬ್ಬಿಯನ್ನು ಮನೆಯೊಳಗೆ ಇಟ್ಟು ಬಂದ ಮೇಲೆಯೇ ದೀಪ ಆರಿಸಿದ್ದು.

ಗವ್ವೆನ್ನುವ ಕತ್ತಲಲ್ಲಿ ಮೂರು ಹಸಿರು ಚುಕ್ಕೆ ಎಷ್ಟು ಚಂದ ಹೊಳೆದವು ಅಂದರೆ ಆ ಕ್ಷಣವೇ ಆರ್ಡರು ಮಾಡೋಣ ಅನ್ನಿಸಿತು. ಆದರೆ ಎದುರು ಗೋಡೆಗೆ ಅಂಟಿಸಿದ್ದ ಗುರಿ ಹಾಳೆ ಮಾತ್ರ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಸೈಟು ಕಾಣುತ್ತದೆ, ಗುರಿ ಕಾಣುವುದಿಲ್ಲ. ಎದುರಿಗಿರುವುದು ಯಾರು ಅಂತ ಗೊತ್ತಿಲ್ಲದ ಮೇಲೆ ಬೆರಳು ಪಿಸ್ತೂಲಿನ ಕುದುರೆಯ (ಟ್ರಿಗರಿನ) ಹತ್ತಿರ ಹೋಗುವಂತಿಲ್ಲ. ಅಂಗಡಿಯ ಹಿಂದಿನ ಕತ್ತಲಲ್ಲಿ ಕಸ ಹಾಕಲು ಬಂದ ನನ್ನ ಷಡ್ಡಕನೇ ಇರಬಹುದು. ಸರಿ, ಟಾರ್ಚು ಹಾಕಿದೆವು. ಈಗ ಗುರಿ ಝಗಮಗ, ಆ ಬೆಳಕಿನ ಎದುರು ಸೈಟುಗಳು ಬರೀ ಕಪ್ಪು ಆಕೃತಿ, ಟ್ರಿಟಿಯಂ ಹೊಳಪು ಎಲ್ಲಿ ಹೋಯಿತೋ. ಮೂರನೆಯದಾಗಿ ಗ್ಯಾರೇಜಿನ ಆಚೆ ತುದಿಯಲ್ಲಿ ಸಣ್ಣ ಬಲ್ಬು ಹಚ್ಚಿ ನಾವು ಈಚೆ ಕತ್ತಲಲ್ಲಿ ನಿಂತೆವು. ಟ್ರಿಟಿಯಂ ತಿಂದ ಸಂಬಳಕ್ಕೆ ದುಡಿದದ್ದು ಇಲ್ಲಿ. ಗುರಿ ಮಂದವಾಗಿ ಕಾಣುತ್ತಿತ್ತು, ಚುಕ್ಕೆಯೂ ಕಾಣುತ್ತಿತ್ತು. ನನ್ನ ಪ್ಲಾಸ್ಟಿಕ್ ಸೈಟು ಅದೇ ಬೆಳಕಿನಲ್ಲಿ ಪೂರ್ತಿ ಮಾಯ.

ನನ್ನ ಉತ್ಸಾಹ ನೋಡಿ ಗೆಳೆಯ ನಕ್ಕ. "ನೀನು ಚುಕ್ಕೆಯ ಬೆಳಕು ಆರಿಸ್ತಾ ಇದ್ದೀಯ ಮಾರಾಯ. ನಿನ್ನ ತೊಂದರೆ ಅದಲ್ಲ. ಹಗಲಿನಲ್ಲಿ ನಿಂಗೆ ಮುಂದಿನ ಸೈಟ್ ಕಾಣ್ತದಾ? ಅದು ಮೊದಲು ಹೇಳು."

ಕಾಣುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ಹುರುಳಿತ್ತು. ಟ್ರಿಟಿಯಂ ಬೇಕಾಗುವುದು ಬೆಳಕು ಹೋಗಿ ಕತ್ತಲು ಪೂರ್ತಿ ಬಾರದ ಆ ಸಣ್ಣ ಸಂದಿಯಲ್ಲಿ. ಉಳಿದ ಹೊತ್ತೆಲ್ಲ ಕೆಲಸಕ್ಕೆ ಬರುವುದು ಮುಂದಿನ ಸೈಟಿನ ಗಾತ್ರ, ಬಣ್ಣ, ಹಿಂದಿನ ಸೈಟಿನ ಕಚ್ಚಿನ ಅಗಲ. ಹಾಗಾಗಿ ರಾತ್ರಿಯದನ್ನು ಪಕ್ಕಕ್ಕಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಪಿಸ್ತೂಲು ಒಯ್ಯಲಿಲ್ಲ, ಮನೆಯಲ್ಲಿ ಟೇಪು ಹಿಡಿದು ಅಳೆದ ಒಂದು ಅಂಕಿ ಮಾತ್ರ ಒಯ್ದೆ. ಎರಡೂ ಕೈ ಚಾಚಿ ಹಿಡಿದಾಗ ನನ್ನ ಕಣ್ಣಿನಿಂದ ಮುಂದಿನ ಸೈಟಿಗೆ ಹತ್ತಿರಹತ್ತಿರ 28 ಇಂಚು. ಓದುವ ದೂರಕ್ಕಿಂತ ಆಚೆ, ರಸ್ತೆ ನೋಡುವ ದೂರಕ್ಕಿಂತ ತುಂಬ ಈಚೆ. ಪ್ರೋಗ್ರೆಸಿವ್ ಗಾಜಿನಲ್ಲಿ ಆ ದೂರಕ್ಕೆ ಇರುವುದು ನಡುವಿನ ಸಣ್ಣ ಪಟ್ಟಿ. ಅದರ ಮೂಲಕ ನೋಡಲು ಗದ್ದ ಎತ್ತಬೇಕು, ಗದ್ದ ಎತ್ತಿದರೆ ನಿಲುವು ಕೆಡುತ್ತದೆ. ಕಂಪ್ಯೂಟರ್ ಪರದೆಯ ದೂರಕ್ಕೆ ಬೇರೆಯೇ ಕನ್ನಡಕ ಮಾಡಿಸಬಹುದು ಅಂದರು ಡಾಕ್ಟರು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಅದು ಸರಿ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಹೊರಡುವವನ ಮೂಗಿನ ಮೇಲೆ ಇರುವುದು ದಿನವಿಡೀ ಹಾಕಿಕೊಂಡ ಕನ್ನಡಕವೇ. ಅದರಲ್ಲಿ ಮುಂದಿನ ಸೈಟು ಮಸುಕಾಗಿಯೇ ಕಾಣುತ್ತದೆ ಅಂತ ಒಪ್ಪಿಕೊಂಡು, ಮಸುಕಾದರೂ ಕಣ್ಣು ಹಿಡಿಯುವಂಥ ಸೈಟು ಹುಡುಕುವುದೇ ದಾರಿಯಾಯಿತು.

ಸ್ಲೈಡಿನ ಮೇಲೆ ಕೂರಿಸುವ ರೆಡ್ ಡಾಟ್, ಅಂದರೆ ಪುಟ್ಟ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಬ್ಯಾಟರಿ ಸೈಟು, ಯಾಕೆ ಬೇಡ ಅಂತ ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಚಾಳೀಸು ಬಂದವರಿಗೆ ಅದೇ ಒಳ್ಳೆಯ ಉಪಾಯ. ನೋಟವನ್ನು ಗುರಿಯ ಮೇಲೆ ಇಟ್ಟರೆ ಸಾಕು, ಚುಕ್ಕೆ ಅಲ್ಲೇ ತೇಲುತ್ತದೆ. ಆದರೆ ನನಗೆ ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಸಮವಿಲ್ಲದ ದೋಷ, ಕೂಡ ಇದೆ. ನನ್ನ ಕಣ್ಣಿಗೆ ಆ ಚುಕ್ಕೆ ಚುಕ್ಕೆಯಾಗಿ ಕಾಣದೆ ಬಾಲ ಬಂದ ಅಲ್ಪವಿರಾಮವಾಗಿ ಕಾಣುತ್ತದೆ. ಮೇಲಾಗಿ ನನ್ನ ಸ್ಲೈಡಿನಲ್ಲಿ ಅದಕ್ಕೆ ಬೇಕಾದ ತಗ್ಗು ಕೊರೆದಿಲ್ಲ. ಕೊರೆಸಿ, ಡಾಟ್ ಕೊಂಡು, ಬ್ಯಾಟರಿ ನೆನಪಿಟ್ಟುಕೊಂಡು... ಸದ್ಯಕ್ಕೆ ಬೇಡ ಅಂತ ಬಿಟ್ಟೆ.

ಗೆಳೆಯನ ಪರಿಚಯದವರ ಪಿಸ್ತೂಲುಗಳು, ರೇಂಜಿನಲ್ಲಿ ಬಾಡಿಗೆಗೆ ಸಿಗುವವು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದು ನೋಡಿದೆ. ಫೋರ್ಟ್ ವರ್ತ್‌ನ ಎಕ್ಸ್ಎಸ್ ಕಂಪನಿಯ ಬಿಗ್ ಡಾಟ್ ಹೆಸರಿಗೆ ತಕ್ಕ ಹಾಗೆ. ಮುಂದೆ ದಪ್ಪ ಬಿಳಿ ಚುಕ್ಕೆ, ಹಿಂದೆ ಚೌಕ ಕಚ್ಚಿನ ಬದಲು ಅಗಲವಾದ ವಿ ಆಕಾರ. ವಿ ತಳದ ಮೇಲೆ ಚುಕ್ಕೆ ಕೂರಿಸಿದರೆ ಮುಗಿಯಿತು. 5 ಗಜದಲ್ಲಿ ಇದಕ್ಕಿಂತ ಬೇಗ ಕಣ್ಣಿಗೆ ಬಿದ್ದದ್ದು ಇನ್ನೊಂದಿಲ್ಲ. 15 ಗಜಕ್ಕೆ ಹೋದಾಗ ಮೇಲೆ ಕೆಳಗೆ ಎಷ್ಟಿದೆ ಅನ್ನುವ ಅಂದಾಜು ನನಗೆ ಸಿಗಲಿಲ್ಲ. ರೂಢಿ ಮಾಡಿಕೊಂಡವರು ಚೆನ್ನಾಗಿಯೇ ಹೊಡೆಯುತ್ತಾರೆ, ಪಕ್ಕದ ಸಾಲಿನಲ್ಲೇ ಒಬ್ಬರು ಹೊಡೆಯುತ್ತಿದ್ದರು.

ಟ್ರೂಗ್ಲೋ ಕಂಪನಿಯದು ಬೇರೆ ಜಾತಿ. ಹೊರಗಿನ ಬೆಳಕನ್ನು ಹೀರಿಕೊಂಡು ತುದಿಯಲ್ಲಿ ಸೂಸುವ ಫೈಬರ್ ಆಪ್ಟಿಕ್ ನಾರು, ಅದರ ಹಿಂದೆ ಟ್ರಿಟಿಯಂ. ಬಿಸಿಲಿನಲ್ಲಿ ಅದು ಉರಿಯುವ ಕೆಂಡ. ಹೊಳಪಿನ ಅಂಚು ಮಸುಕಾಗಿದ್ದರೂ ನಡುವಿನ ಬಣ್ಣ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಆಟದ ಪಿಸ್ತೂಲಿಗಾದರೆ ಅಲ್ಲೇ ನಿಲ್ಲುತ್ತಿದ್ದೆ. ನಾನು ನಿಲ್ಲುವುದು ಸೂರಿನ ಕೆಳಗೆ ಅಂದೆನಲ್ಲ, ಅಲ್ಲಿ ನಾರಿಗೆ ಹೀರಲು ಬೆಳಕೇ ಇರುವುದಿಲ್ಲ. ತೆರೆದ ನಾರಿನ ಸೈಟುಗಳಲ್ಲಿ ಬಂದೂಕು ಒರೆಸುವ ಸಾಲ್ವೆಂಟ್ ತಾಗದಂತೆ ನೋಡಿಕೊಳ್ಳಬೇಕಾದ ರಗಳೆ ಬೇರೆ.

ಮಿಷಿಗನ್‌ನ ಟ್ರಿಜಿಕಾನ್ ಕಂಪನಿಯ ಎಚ್‌ಡಿ ಸೈಟಿನ ಮುಂದಿನ ಟ್ರಿಟಿಯಂ ಕೊಳವೆಯ ಸುತ್ತ ದಪ್ಪ ಬಣ್ಣದ ಉಂಗುರವಿದೆ, ಕಿತ್ತಳೆ ಅಥವಾ ಹಳದಿ. ಇದನ್ನು ಎತ್ತಿ ಹಿಡಿದ ಕೂಡಲೇ ನನಗೆ ನೆನಪಾದದ್ದು ಅಪ್ಪನ ಕೋವಿ. ಮೂಡಿಗೆರೆಯ ನಮ್ಮ ತೋಟದ ಕೆಳಗಿನ ಗದ್ದೆಗೆ ಹಂದಿ ಬರುವ ಕಾಲದಲ್ಲಿ ಅಪ್ಪ ಜೋಡುನಳಿಗೆ ಕೋವಿ ಹಿಡಿದು ಅಟ್ಟಣೆಯಲ್ಲಿ ಕಾವಲು ಕೂರುತ್ತಿದ್ದರು. ಹೊರಡುವ ಮುಂಚೆ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ನಳಿಗೆ ತುದಿಯ ಹಿತ್ತಾಳೆ ಮಣಿಗೆ ಒಂದು ಚಿಟಿಕೆ ಸುಣ್ಣ ಮೆತ್ತುವರು. ಬೆಳದಿಂಗಳಲ್ಲಿ ಮಣಿ ಕಂಡರೆ ಸಾಕಲ್ಲ, ಈಡು ಮೇಲಕ್ಕೆ ಹೋದರೂ ಹಂದಿ ಓಡಿದರಾಯಿತು ಅನ್ನುವುದು ಅವರ ಮಾತು. ಅವರಿಗೂ ಆಗ ಚಾಳೀಸು ಬಂದಿತ್ತು ಅನ್ನುವುದು ಈಗ ಹೊಳೆಯುತ್ತಿದೆ.

ಕಿತ್ತಳೆಯೋ ಹಳದಿಯೋ ಎಂಬಲ್ಲಿ ಸ್ವಲ್ಪ ಹೊತ್ತು ತಡವರಿಸಿದೆ. ರೇಂಜಿನ ಟ್ಯೂಬ್‌ಲೈಟಿನ ಕೆಳಗೆ ಕಿತ್ತಳೆಯೇ ಕಣ್ಣಿಗೆ ಹೊಡೆಯುತ್ತದೆ. ಆದರೆ ಬೆಳಕು ಇಳಿದಂತೆ ಮನುಷ್ಯನ ಕಣ್ಣಿಗೆ ಕೆಂಪಿನ ಕಡೆಯ ಬಣ್ಣಗಳು ಮೊದಲು ಕಪ್ಪಾಗುತ್ತವೆ, ಹಸಿರಿನ ಕಡೆಯವು ಕೊನೆಯವರೆಗೂ ಉಳಿಯುತ್ತವೆ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಅದರ ಎಲೆ ಇನ್ನೂ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ. ಹಿತ್ತಲಿನಲ್ಲಿ ಕತ್ತಲಾಗುವ ಹೊತ್ತಿಗೆ ಎರಡೂ ಬಣ್ಣದ ಕಾಗದದ ಚೂರನ್ನು ಕೈಯಳತೆಯಲ್ಲಿ ಹಿಡಿದು ನೋಡಿದೆ. ಕಿತ್ತಳೆ ಮೊದಲು ಮುಳುಗಿತು. ಹಳದಿ ಗೆದ್ದಿತು.

ಇನ್ನು ಅಗಲದ ಲೆಕ್ಕ. ಎಚ್‌ಡಿಯ ಮುಂದಿನ ಸೈಟು 0.144 ಇಂಚು ಅಗಲ. ಅದೇ ಕಂಪನಿಯ ಎಚ್‌ಡಿ ಎಕ್ಸ್ಆರ್‌ನದು 0.122. ಕಾಗದದ ಮೇಲೆ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಕಣ್ಣಿನಿಂದ 28 ಇಂಚು ದೂರದಲ್ಲಿ ಹಿಡಿದಾಗ, 25 ಗಜ ಆಚೆಯ ಗುರಿಯಲ್ಲಿ ಮೊದಲನೆಯದು ನಾಲ್ಕೂವರೆ ಇಂಚಿಗೂ ಮಿಕ್ಕಿ ಮುಚ್ಚಿಬಿಡುತ್ತದೆ, ಎರಡನೆಯದು ನಾಲ್ಕಕ್ಕಿಂತ ಒಂದು ಚೂರು ಕಡಿಮೆ. ಅದಕ್ಕಿಂತ ಮುಖ್ಯ, ಮುಂದಿನದು ಸಪೂರ ಆದಷ್ಟೂ ಹಿಂದಿನ ಕಚ್ಚಿನಲ್ಲಿ ಅದರ ಎರಡೂ ಪಕ್ಕ ಬೆಳಕಿನ ಗೆರೆ ಅಗಲವಾಗುತ್ತದೆ. ಎಡಬಲದ ಬೆಳಕು ಸಮ ಇದೆಯೇ, ಮೇಲಂಚು ಸಮ ಇದೆಯೇ ಅನ್ನುವುದೇ ಗುರಿ ಹಿಡಿಯುವ ವಿದ್ಯೆಯ ಅ ಆ ಇ ಈ. ಮಸುಕು ಕಣ್ಣಿಗೆ ಆ ಬೆಳಕಿನ ಗೆರೆ ಇಕ್ಕಟ್ಟಾದರೆ ಎಡ ಯಾವುದು ಬಲ ಯಾವುದು ಎಲ್ಲ ಕಲಸುಮೇಲೋಗರ. ಬಣ್ಣದ ಉಂಗುರ ಇರುವುದರಿಂದ ಸಪೂರದ್ದೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಎಕ್ಸ್ಆರ್, ಹಳದಿ ಉಂಗುರ ಅಂತ ತೀರ್ಮಾನವಾಯಿತು.

ಉಕ್ಕಿನ ಹಿಂದಿನ ಸೈಟಿನ ಮುಂಬದಿ ಇಳಿಜಾರಾಗಿರದೆ ನೆಟ್ಟಗೆ ನಿಂತಿರುವುದೂ ನನಗೆ ಬೇಕಾಗಿತ್ತು. ಒಂದು ಕೈಗೆ ಪೆಟ್ಟಾದರೆ ಸೈಟನ್ನು ಬೆಲ್ಟಿಗೆ ಒತ್ತಿ ಸ್ಲೈಡು ಎಳೆಯಬಹುದು. ಸೈಟು ತೀರಾ ಎತ್ತರವಿದ್ದರೆ ಪ್ಯಾಂಟಿನ ಸೊಂಟದೊಳಗೆ ಸಿಕ್ಕಿಸುವ ಪಿಸ್ತೂಲಿನ ಒರೆಯಲ್ಲಿ (ಹೋಲ್ಸ್ಟರ್) ಸೈಟಿಗೆಂದು ಬಿಟ್ಟ ಕಾಲುವೆಗೆ ತಗುಲುತ್ತದೆ. ಇದು ತಗುಲಲಿಲ್ಲ.

ಅಂಗಡಿಯವರಿಗೆ ತಯಾರಾದ ತಾರೀಕು ಕೇಳಿದಾಗ ಮೊದಲು ಮುಖ ನೋಡಿದರು, ಆಮೇಲೆ ಕಪಾಟಿನಲ್ಲಿದ್ದ ಡಬ್ಬಗಳನ್ನು ತಿರುವಿ ಹಾಕಿ ಹೊಸದನ್ನು ಹುಡುಕಿ ಕೊಟ್ಟರು. ಟ್ರಿಜಿಕಾನ್‌ನವರು ಟ್ರಿಟಿಯಂ ಬೆಳಕಿಗೆ ಕೊಡುವ ವಾರಂಟಿ ಕೂಡ ತಯಾರಾದ ದಿನದಿಂದಲೇ ಲೆಕ್ಕ, 12 ವರ್ಷ. ಇನ್ನೊಂದು ಎಚ್ಚರ: ಗ್ಲಾಕ್ ಎಂದರೆ ಎಲ್ಲ ಒಂದೇ ಅಲ್ಲ. 19ರ ಸೆಟ್ಟು ತೆಳ್ಳನೆಯ 42, 43ಕ್ಕೆ ಆಗುವುದಿಲ್ಲ. ಡಬ್ಬದ ಮೇಲಿನ ಮಾದರಿ ಪಟ್ಟಿ ಓದದೆ ಬಿಲ್ಲು ಮಾಡಿಸಬಾರದು.

ಜೋಡಿಸುವ ಕೆಲಸವನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ಕೊಡಬಹುದು. ಗೆಳೆಯನ ಹತ್ತಿರ ಸೈಟ್ ಪುಷರ್ ಇತ್ತು, ನಾವೇ ಮಾಡಿದೆವು. ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ಸ್ಲೈಡು ಮಾತ್ರ ಮೇಜಿನ ಮೇಲೆ. ಹಿಂದಿನ ಸೈಟು ಕೂರುವುದು ಸ್ಲೈಡಿಗೆ ಅಡ್ಡ ಕೊರೆದ, ತಳ ಅಗಲ ಬಾಯಿ ಕಿರಿದಾದ ಡವ್‌ಟೇಲ್ ತೋಡಿನಲ್ಲಿ. ಪುಷರ್ ಅಂದರೆ ಸ್ಲೈಡನ್ನು ಅಲುಗಾಡದಂತೆ ಹಿಡಿದು, ಸ್ಕ್ರೂ ತಿರುಗಿಸಿದಂತೆ ಸೈಟನ್ನು ಪಕ್ಕಕ್ಕೆ ತಳ್ಳುವ ಸಣ್ಣ ಯಂತ್ರ. ಪ್ಲಾಸ್ಟಿಕ್‌ನದು ಬೆಣ್ಣೆ ಜಾರಿದಂತೆ ಹೊರಬಂತು. ಹೊಸದು ಮೂರನೇ ಒಂದು ಭಾಗ ಹೋಗಿ ಜಪ್ಪಯ್ಯ ಅನ್ನಲಿಲ್ಲ. ಇಂಥ ಹೊತ್ತಿನಲ್ಲಿ ಸುತ್ತಿಗೆ ಎತ್ತುವವರಿದ್ದಾರೆ. ಒಳಗೆ ಗಾಜಿನ ಕೊಳವೆ ಇದೆ ಅನ್ನುವುದನ್ನು ಮರೆಯಬಾರದು. ಗೆಳೆಯ ಸೈಟನ್ನು ಹೊರತೆಗೆದು, ಚಪ್ಪಟೆ ಕಲ್ಲಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಸೈಟಿನ ತಳವನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದ. ಉಜ್ಜು, ಒರೆಸು, ಹಚ್ಚಿ ನೋಡು, ಮತ್ತೆ ಉಜ್ಜು. ಸವೆಸಬೇಕಾದ್ದು ಸೈಟನ್ನೇ ಹೊರತು ಸ್ಲೈಡನ್ನು ಎಂದಿಗೂ ಅಲ್ಲ. ಸೈಟು ಹೋದರೆ ಇನ್ನೊಂದು ಬರುತ್ತದೆ. ಕೊನೆಗೆ ಬೆರಳಲ್ಲಿ ಒತ್ತಿದರೆ ಅರ್ಧದ ಹತ್ತಿರ ಹೋಗಿ ನಿಲ್ಲುವಷ್ಟು ಆದಾಗ ಪುಷರ್‌ಗೆ ಹಾಕಿ, ಗಟ್ಟಿ ಕಿರ್ರೆನ್ನುವ ಸದ್ದಿನೊಂದಿಗೆ ನಡುವಿಗೆ ತಂದ. ಎರಡೂ ಪಕ್ಕ ಕ್ಯಾಲಿಪರ್ ಇಟ್ಟು ಸಮ ಮಾಡಿದೆವು.

ಮುಂದಿನದು ಸುಲಭ, ಆದರೆ ಕೆಡಿಸಿಕೊಳ್ಳುವವರು ಜಾಸ್ತಿ ಇಲ್ಲೇ. ಸ್ಲೈಡಿನ ಒಳಗಿನಿಂದ ಒಂದು ಪುಟ್ಟ ಷಡ್ಭುಜ ಸ್ಕ್ರೂ. ಅದಕ್ಕೆ ಹೊರಗೋಡೆ ತೆಳ್ಳಗಿರುವ 3/16 ಇಂಚಿನ ನಟ್ ಡ್ರೈವರ್ ಬೇಕು, ಸಾಮಾನ್ಯದ್ದು ಒಳಗೆ ಹಿಡಿಸುವುದಿಲ್ಲ. ಎಣ್ಣೆ ಅಂಶ ಪೂರ್ತಿ ಒರೆಸಿ, ಸ್ಕ್ರೂವಿನ ಎಳೆಗಳಿಗೆ, ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಸೂಜಿಮೊನೆಯಷ್ಟು, ಕೆಂಪು ಅಲ್ಲ. ಆಮೇಲೆ ಎರಡು ಬೆರಳ ಬಿಗಿ, ಅಷ್ಟೇ. ಜೋರು ತೋರಿಸಿದರೆ ಸ್ಕ್ರೂವಿನ ಕತ್ತು ಮುರಿಯುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟೆವು.

ರೇಂಜಿನಲ್ಲಿ 10 ಗಜಕ್ಕೆ, ಮರಳು ಚೀಲದ ಮೇಲೆ ಕೈಯಿಟ್ಟು ಹೊಡೆದಾಗ ತೂತುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು, ನಡುವಿನಿಂದ ಹೆಚ್ಚುಕಡಿಮೆ ಒಂದು ಇಂಚು ಎಡಕ್ಕೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ತಳ್ಳಬೇಕು. ಎಷ್ಟು ಅನ್ನುವುದಕ್ಕೆ ಸರಳ ತ್ರೈರಾಶಿ: ಎರಡು ಸೈಟುಗಳ ನಡುವಿನ ಅಂತರ 19ರಲ್ಲಿ ಸುಮಾರು 6 ಇಂಚು, 10 ಗಜ ಎಂದರೆ 360 ಇಂಚು. ಅಲ್ಲಿ ಒಂದು ಇಂಚು ಸರಿಯಲು ಇಲ್ಲಿ ಅರವತ್ತನೇ ಒಂದು ಇಂಚು, ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟೇ ಸರಿಸುವ ಮುಂಚೆ ಗೆಳೆಯನ ಕೈಗೆ ಕೊಟ್ಟೆ, ನನ್ನ ಬೆರಳಿನ ದೋಷವೋ ಸೈಟಿನದೋ ತಿಳಿಯಲು. ಅವನದೂ ಎಡಕ್ಕೇ ಬಿತ್ತು, ಸರಿಸಿದೆವು. ಇನ್ನೊಂದು ಸಂಗತಿ, ನನ್ನ ಪಿಸ್ತೂಲಿನಲ್ಲಿ ಗುಂಡು ಬೀಳುವುದು ಮುಂದಿನ ಸೈಟಿನ ಮೇಲಂಚಿನ ನೇರಕ್ಕಲ್ಲ, ಬಣ್ಣದ ಉಂಗುರ ಮುಚ್ಚಿದ ಜಾಗಕ್ಕೆ. ಉಂಗುರವನ್ನೇ ಗುರಿಯ ಮೇಲಿಟ್ಟು ಹೊಡೆಯುವ ರೂಢಿ ನನ್ನ ಮಸುಕು ಕಣ್ಣಿಗೆ ಒಗ್ಗಿತು. ಅಂಚು ಹುಡುಕುವ ಗೋಜು ತಪ್ಪಿತು.

ಕೆಲವು ರೇಂಜುಗಳಲ್ಲಿ ದೀಪ ಇಳಿಸಿ ಅಭ್ಯಾಸ ಮಾಡಿಸುವ ತರಗತಿ ಇರುತ್ತದೆ. ಅಂಥದ್ದಕ್ಕೆ ಸೇರಿಕೊಂಡೆ. ಮಂದ ಬೆಳಕಿನಲ್ಲಿ ಹಳದಿ ಉಂಗುರ, ಅದೂ ಅಡಗುವಷ್ಟು ಕಡಿಮೆಯಾದಾಗ ನಡುವಿನ ಹಸಿರು, ಟಾರ್ಚು ಬಿದ್ದಾಗ ಕಪ್ಪು ಆಕೃತಿ. ಮೂರಕ್ಕೂ ಒಂದೇ ಸೈಟು ಸಾಕಾಯಿತು. ಬೀಗದ ಕೈ ಹಿಡಿಯುವ ಕೈಯಲ್ಲಿ ಈಗ ಸಣ್ಣ ಟಾರ್ಚೂ ಇರುತ್ತದೆ, ನನ್ನ ಕೇಳಿದರೆ ಅದರ ಬೆಲೆ ಸೈಟಿಗಿಂತ ಹೆಚ್ಚು.

ಒಂದು ಕಿರಿಕಿರಿ ಮಾತ್ರ ಉಳಿದಿತ್ತು. ಹಿಂದಿನ ಸೈಟಿನಲ್ಲೂ ಎರಡು ಟ್ರಿಟಿಯಂ ಚುಕ್ಕೆ ಇವೆ. ಬೆಳಕು ತೀರಾ ಇಳಿದಾಗ ಮೂರು ಹಸಿರು ಚುಕ್ಕೆಗಳಲ್ಲಿ ಮುಂದಿನದು ಯಾವುದು ಅಂತ ನನ್ನ ಕಣ್ಣು ಒಂದು ಕ್ಷಣ ಯೋಚಿಸುತ್ತದೆ. ಮುಂದಿನ ಚುಕ್ಕೆ ನಡುವೆ ಇರದೆ ಪಕ್ಕಕ್ಕೆ ಜಾರಿದ್ದರೂ ಮೂರು ಒಂದೇ ಸಾಲಿನಲ್ಲಿ ಕಾಣುತ್ತವೆ. ತರಗತಿ ಹೇಳಿಕೊಡುವವರು ಜೇಬಿನಿಂದ ಕಪ್ಪು ಮಾರ್ಕರ್ ತೆಗೆದು ಹಿಂದಿನ ಎರಡೂ ಚುಕ್ಕೆಗೆ ತೆಳ್ಳಗೆ ಬಳಿದುಕೊಟ್ಟರು. ಅವು ಅರೆಬರೆ ಮಂಕಾದವು, ಮುಂದಿನದು ಒಂದೇ ಎದ್ದು ನಿಂತಿತು. ಬಂದೂಕು ಒರೆಸಿದಾಗಲೆಲ್ಲ ಆ ಮಸಿ ಅಳಿಸುತ್ತದೆ, ಮತ್ತೆ ಬಳಿಯಬೇಕು. ನಮ್ಮ ಮನೆಯ ಕಪ್ಪು ಮಾರ್ಕರ್ ಇರುವುದು ಅಡುಗೆಮನೆಯ ಡ್ರಾಯರಿನಲ್ಲಿ, ಸಾರಿನಪುಡಿ ಹುಳಿಪುಡಿ ಡಬ್ಬಿಗಳ ಮೇಲೆ ಹೆಸರು ಬರೆಯಲು. ಕೇಳದೆ ತೆಗೆದುಕೊಂಡು ಹೋಗಿ ಗ್ಯಾರೇಜಿನಲ್ಲಿ ಬಿಟ್ಟುಬರುತ್ತೀರಿ ಅಂತ ಹೆಂಡತಿಯ ತಕರಾರು. ಟ್ರಿಟಿಯಂ ಬಗ್ಗೆ ಈಗ ಅವಳದೇನೂ ತಕರಾರಿಲ್ಲ.